ನಿಮಗಿದು ಗೊತ್ತೇ? ಸೂಡಿಯ ಸ್ವಿಚ್ ಬೋರ್ಡಿನಲ್ಲಿ ಎರಡು ಅಂಕಿಗಳ ಲೆಕ್ಕ

ಗದಗ ಜಿಲ್ಲೆಯ ಸೂಡಿ ಅಂದರೆ ಜೋಡು ಕಳಸದ ಗುಡಿ, ನಾಗಕುಂಡ, 11ನೇ ಶತಮಾನದ ರಾಣಿ ಅಕ್ಕಾದೇವಿ. ಗುಡಿ ನೋಡಲು ಬಂದವರು ಅಷ್ಟಕ್ಕೇ ವಾಪಸಾಗುತ್ತಾರೆ. ನಾವು ಇವತ್ತು ಅದೇ ಊರಿನ ಒಂದು ಮನೆಯ ಸ್ವಿಚ್ ಬೋರ್ಡಿನ ಮುಂದೆ ನಿಲ್ಲೋಣ.

ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಅಂತ ಗೊತ್ತಾದರೆ ಸಾಕು. ಎರಡನ್ನೂ ಗುಣಿಸಿ, ವಾಟ್ ಸಿಗುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಓಮ್ ಸಿಗುತ್ತದೆ. ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ 4.35 ಆಂಪಿಯರ್ ಎಳೆದರೆ ಅದು 1000 ವಾಟಿನದು. ರೋಧ ಸುಮಾರು 53 ಓಮ್.

ವೋಲ್ಟೇಜ್ 180ಕ್ಕೆ ಇಳಿಯಿತೆನ್ನಿ. ಇಳಿದದ್ದು 22 ಪರ್ಸೆಂಟ್, ಆದರೆ ಇಸ್ತ್ರಿಯ ಕಾವು 39 ಪರ್ಸೆಂಟ್ ಕುಸಿದು 612 ವಾಟಿಗೆ ಬರುತ್ತದೆ. ವೋಲ್ಟೇಜ್ ತಗ್ಗಿದಾಗ ಅದರೊಂದಿಗೆ ಆಂಪಿಯರೂ ತಗ್ಗುತ್ತದಲ್ಲ, ಏಟು ಎರಡು ಸಲ ಬೀಳುತ್ತದೆ.

ಹೊಲದ ಮೋಟಾರಿನ ಕಥೆ ಇದಕ್ಕೆ ತದ್ವಿರುದ್ಧ. ಎತ್ತಬೇಕಾದ ನೀರಿನ ಭಾರ ಹಾಗೇ ಇರುವುದರಿಂದ, ಲೋ ವೋಲ್ಟೇಜಿನಲ್ಲಿ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಕಾಲುಪಾಲು ಏರಿದರೆ ಸುರುಳಿಯ ಬಿಸಿ ಒಂದೂವರೆ ಪಟ್ಟು ದಾಟುತ್ತದೆ. ರಿವೈಂಡಿಂಗ್ ಅಂಗಡಿಗಳಿಗೆ ಕೆಲಸ ತಪ್ಪದಿರುವುದು ಹೀಗೆ.

60 ವಾಟಿನ ಹಳೆ ಬಲ್ಬಿನ ರೋಧ ಲೆಕ್ಕದಲ್ಲಿ 882 ಓಮ್. ಬಲ್ಬನ್ನು ಬಿಚ್ಚಿ ಮೀಟರ್ ಹಚ್ಚಿದರೆ ಅದರ ಹತ್ತನೇ ಒಂದು ಪಾಲೂ ತೋರಿಸುವುದಿಲ್ಲ. ಮೀಟರ್ ಕೆಟ್ಟಿಲ್ಲ! ಉರಿಯುವಾಗ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ಮೀರಿ ಕಾಯುತ್ತದೆ, ಕಾದಂತೆ ರೋಧ ಏರುತ್ತದೆ. ತಣ್ಣಗಿರುವಾಗ ಸ್ವಿಚ್ ಒತ್ತಿದ ಕ್ಷಣ ಹತ್ತು ಪಟ್ಟಿಗೂ ಹೆಚ್ಚು ಕರೆಂಟ್ ನುಗ್ಗುತ್ತದೆ. ಮುದಿ ಬಲ್ಬುಗಳು ‘ಟಪ್’ ಅನ್ನುವುದು ಬಹುಪಾಲು ಆ ಗಳಿಗೆಯಲ್ಲೇ.

ವೋಲ್ಟ್, ಆಂಪಿಯರ್, ರೋಧಗಳ ಈ ನಿಯಮ ಕೊಟ್ಟ ಓಮ್ ಸಾಹೇಬರು ಶಾಲಾ ಮೇಷ್ಟ್ರು. 1827ರಲ್ಲಿ ಅವರು ಪುಸ್ತಕ ಬರೆದಾಗ ಜರ್ಮನಿಯಲ್ಲಿ ಹೆಚ್ಚು ಜನ ಕಿವಿಗೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಅವರಿಗೂ ಮೊದಲೇ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದೇ ನಿಯಮದ ಸುಳಿವು ಹಿಡಿದಿದ್ದರು. ಅವರ ಬಳಿ ಮೀಟರ್ ಇರಲಿಲ್ಲ, ತಮ್ಮ ಮೈಗೇ ಶಾಕ್ ಕೊಟ್ಟುಕೊಂಡು ‘ಇದು ಜೋರು, ಇದು ಮೆಲ್ಲಗೆ’ ಎಂದು ಅಳೆದರು! ಕ್ಯಾವೆಂಡಿಶರ ಆ ಟಿಪ್ಪಣಿಗಳನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅಚ್ಚು ಹಾಕಿಸಿದ್ದು 1879ರಲ್ಲಿ.

ನೀವು ಮಾತ್ರ ಹಾಗೆ ಅಳೆಯಲು ಹೋಗಬೇಡಿ. ಒದ್ದೆ ಮೈಯ ರೋಧ ಸಾವಿರ ಓಮ್ ಎಂದುಕೊಂಡರೆ 230 ವೋಲ್ಟಿಗೆ 230 ಮಿಲಿಆಂಪಿಯರ್. ಮನೆಯಲ್ಲಿ ಜೀವ ಕಾಯಲೆಂದು ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30ಕ್ಕೇ ಬೀಳುತ್ತದೆ.

ಇದೇ ಲೆಕ್ಕ ಊರಾಚೆಗೂ ನಡೆಯುತ್ತದೆ. ಪಕ್ಕದ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಇಂಥ ಯಂತ್ರದೊಳಗೆ ಸಾಮಾನ್ಯವಾಗಿ ಹುಟ್ಟುವುದು 690 ವೋಲ್ಟ್. ಮೂರು ಫೇಸಿನ ಲೆಕ್ಕದಲ್ಲಿ ಒಂದು ಮೆಗಾವಾಟಿಗೆ ಪ್ರತಿ ಫೇಸಿನಲ್ಲೂ ಸುಮಾರು 840 ಆಂಪಿಯರ್. ಅದನ್ನೇ 33,000 ವೋಲ್ಟಿಗೆ ಏರಿಸಿದರೆ ಹದಿನೇಳೂವರೆ ಆಂಪಿಯರ್ ಸಾಕು, ತಂತಿ ಬಿಸಿಯಾಗಿ ಪೋಲಾಗುವುದೂ ತಗ್ಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಕರೆಂಟ್ ಹರಿದದ್ದೂ ಇದೇ ಉಪಾಯದಿಂದ.

ಕೊನೆಗೊಂದು ರಿಪೇರಿ ಅಂಗಡಿಯ ಜಾಣತನ: ಸೀರೀಸ್ ಬೋರ್ಡ್. ರಿಪೇರಿಗೆ ಬಂದ ಸಾಮಾನನ್ನು 100 ವಾಟಿನ ಬಲ್ಬಿನೊಂದಿಗೆ ಸಾಲಾಗಿ ಜೋಡಿಸುತ್ತಾರೆ. ಒಳಗೆ ಶಾರ್ಟ್ ಆಗಿದ್ದರೂ ಬಲ್ಬು ಪೂರ್ತಿ ಬೆಳಗಿ ಅದರ 529 ಓಮ್ ಅಡ್ಡ ನಿಲ್ಲುತ್ತದೆ, ಮೊದಲ ಕ್ಷಣ ಬಿಟ್ಟರೆ 0.43 ಆಂಪಿಯರ್ ಮೀರಿ ಹರಿಯದು, ಫ್ಯೂಸ್ ಹಾರದು. ಎಲ್‌ಇಡಿ ಬಲ್ಬಿಗೆ ಈ ಕೆಲಸ ಬಾರದು. ಅದಕ್ಕೇ ಮೆಕ್ಯಾನಿಕ್‌ಗಳು ಹಳೆ ಬಲ್ಬನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ.