ಉದುರಿದ ಎಲೆಯ ಋಣ

ಕನ್ನಡದಲ್ಲಿ ಮಣ್ಣಿಗೆ ಬಂದಿರುವಷ್ಟು ಅಪಕೀರ್ತಿ ಬೇರಾವ ವಸ್ತುವಿಗೂ ಬಂದಂತೆ ತೋರದು. ಕೆಟ್ಟುಹೋದ ಕೆಲಸ ‘ಮಣ್ಣುಪಾಲು’. ಮುರಿದ ಆಸೆ ‘ಮಣ್ಣುಗೂಡಿತು’. ಜೀವನೋಪಾಯ ತಪ್ಪಿದವನ ‘ಬಾಯಿಗೆ ಮಣ್ಣು’. ತರಗತಿಯಲ್ಲಿ ನುಡಿಗಟ್ಟುಗಳನ್ನು ವಿವರಿಸುವಾಗ ಈ ಪಟ್ಟಿಯನ್ನು ಎಷ್ಟೋ ಸಲ ಒಪ್ಪಿಸಿದ್ದೇನೆ. ಆದರೆ ಮಣ್ಣೂ ಬಡವಾಗಬಲ್ಲದು, ಬಡವಾದುದನ್ನು ಬರಿಗೈಯವನೂ ಮೇಲೆತ್ತಬಲ್ಲನು ಎಂಬುದನ್ನು ನನಗೆ ತಿಳಿಸಿದ್ದು ನಿಘಂಟಲ್ಲ, ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಹಿತ್ತಿಲು.

ಅದರ ವಿಸ್ತಾರ 6 ಅಡಿ ಅಗಲ, 12 ಅಡಿ ಉದ್ದ. ತಳಪಾಯ ತೋಡಿದಾಗ ಮೇಲೆ ಬಂದ ಕೆಮ್ಮಣ್ಣನ್ನೇ ಅಲ್ಲಿ ಹರಡಿದ್ದರು. ಮಳೆ ಬಂದರೆ ಕೆಸರು, ಬಿಸಿಲು ಬಿದ್ದರೆ ಇಟ್ಟಿಗೆ. ನಮ್ಮ ಸೀಮೆಯ ಮಣ್ಣಿಗೆ ಕೆಂಪನ್ನು ಕೊಟ್ಟಿರುವುದು ಕಬ್ಬಿಣದ ಆಕ್ಸೈಡು. ನೋಟಕ್ಕೆ ಸೊಗಸಾದರೂ ಅದರಲ್ಲಿ ಸಾರಜನಕವೂ ಕೊಳೆತ ಸಸ್ಯಾಂಶವೂ ಸ್ವಭಾವತಃ ಕಡಮೆ. ಮೇಲ್ಮಣ್ಣು ಹೋಗಿ ಒಳಮಣ್ಣಷ್ಟೇ ಉಳಿದಲ್ಲಿ ಹೇಳುವುದೇನು!

ಚೀಲದ ಗೊಬ್ಬರಕ್ಕೆ ಹಣ ಬೇಕು. ಪರೀಕ್ಷೆಗೆ ಒಂದು ಗಾಜಿನ ಸೀಸೆ ಸಾಕು. ಮೂರರಲ್ಲೊಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿರಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನವಿರಾದ ಹೂಳು ಕೆಲವು ಗಂಟೆಗಳಲ್ಲಿ. ಜೇಡಿಯೋ ದಿನ ಕಳೆದರೂ ನೀರನ್ನು ಬಿಡಲೊಲ್ಲದು. ಜೇಡಿ ಹೆಚ್ಚೆಂದು ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಮಣ್ಣು ಮತ್ತಷ್ಟು ಬಿಗಿಯಾದೀತು. ಜೇಡಿಗೂ ಮರಳಿಗೂ ಮದ್ದು ಒಂದೇ: ಕೊಳೆತ ಎಲೆ. ಅದು ಜೇಡಿಯನ್ನು ಹರಳುಹರಳಾಗಿಸಿ ಗಾಳಿಗೆ ದಾರಿ ಬಿಡಿಸುತ್ತದೆ. ಮರಳಿನಲ್ಲಿ ನೀರನ್ನು ಹಿಡಿದಿಡುತ್ತದೆ.

ಆ ಎಲೆಯನ್ನು ನಾವು ಏನು ಮಾಡುತ್ತಿದ್ದೇವೆ? ಮಾಗಿ ಕಳೆದು ಹೊಂಗೆ ಎಲೆಯುದುರಿಸುವ ದಿನಗಳಲ್ಲಿ ಬೀದಿಬದಿಯ ರಾಶಿಗಳಿಗೆ ಬೆಂಕಿ ಬೀಳುತ್ತದೆ. ಹೊಗೆ ನಮ್ಮ ಎದೆಗೆ, ಸಾರಜನಕ ಗಾಳಿಗೆ. ಉಳಿದುದು ಹಿಡಿ ಬೂದಿ. ನಮ್ಮ ಬೀದಿ ಗುಡಿಸುವ ಹಿರಿಯಾಕೆಯನ್ನು, “ಸುಡಬೇಡಿಯಮ್ಮಾ, ನನಗೆ ಕೊಡಿ” ಎಂದು ಕೇಳಿದೆ. “ಕಸ ಬೇಕೂ ಅನ್ನೋರನ್ನ ಇವತ್ತೇ ಕಂಡೆ ಮೇಷ್ಟ್ರೇ!” ಎಂದು ಆಕೆ ನಕ್ಕರು; ಮರುದಿನದಿಂದ ಬುಟ್ಟಿ ತುಂಬಿ ಬಂದಿತು.

ಮೂರು ಬುಟ್ಟಿ ತರಗೆಲೆಗೆ ಒಂದು ಬುಟ್ಟಿ ತರಕಾರಿ ಸಿಪ್ಪೆ, ಹಸಿ ಹುಲ್ಲು. ನಡುನಡುವೆ ಹಿಡಿ ಮಣ್ಣು, ದೊರೆತರೆ ಸೆಗಣಿನೀರು. ಹಿಂಡಿದ ಬಟ್ಟೆಯಷ್ಟು ಪಸೆ. ರಾಶಿ ಮೂರು ಅಡಿ ಎತ್ತರವಾದರೆ ಕೆಲವೇ ದಿನಗಳಲ್ಲಿ ಒಳಗೆ ಕಾವೇರುತ್ತದೆ. ಕಾವಿಳಿದಾಗಲೆಲ್ಲ ಮಗುಚಿದರೆ ಮೂರು ನಾಲ್ಕು ತಿಂಗಳಿಗೆ ಕಪ್ಪು ಗೊಬ್ಬರ. ಮಗುಚುವ ಈ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಇಂದೂರಿನಲ್ಲಿ ದುಡಿದ ಆಲ್ಬರ್ಟ್ ಹೋವರ್ಡ್. ಅದನ್ನು ವಿವರಿಸುವ ಅವರ ಗ್ರಂಥ ಹೊರಬಂದುದು 1931ರಲ್ಲಿ. ಮಗುಚದೆ, ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣು ಮೆತ್ತಿ ಕೊಳೆಯಿಸುವ ಕ್ರಮವನ್ನು 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದರು. ಅದಕ್ಕೆ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಕಸವನ್ನು ಗೊಬ್ಬರ ಮಾಡುವ ವಿದ್ಯೆಗೆ ತನ್ನ ಹೆಸರನ್ನೇ ಕೊಟ್ಟ ಊರು ಎಲೆಗೆ ಬೆಂಕಿ ಇಡುವುದು ಎಂಥ ವಿಪರ್ಯಾಸ!

ಇದರೊಡನೆ ಇನ್ನೆರಡು ಉಪಾಯಗಳುಂಟು. ಮೊದಲ ಮಳೆಗೆ ಅಡುಗೆಮನೆಯ ಡಬ್ಬಿಯ ಒಂದು ಹಿಡಿ ಹುರುಳಿ ಎರಚಿ, ಹೂ ಬಿಡುವಾಗ ಮಣ್ಣಿಗೆ ಮಗುಚುವುದು ಒಂದು. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಬರಿ ನೆಲಕ್ಕೆ ಎಲೆಯ ಹೊದಿಕೆ ಹಾಸುವುದು ಇನ್ನೊಂದು. ಅಡಕೆ ತೋಟಕ್ಕೆ ಸೊಪ್ಪಿನಬೆಟ್ಟವನ್ನು ಕಾದಿಟ್ಟ ಮಲೆನಾಡಿಗರಿಗೆ ಇದು ಹೊಸ ಮಾತಲ್ಲ. ಹೊದಿಕೆಯ ಕೆಳಗೆ ತಂಪಿದ್ದರೆ ಎರೆಹುಳು ಕರೆಯದೆ ಬರುತ್ತದೆ. ಡಾರ್ವಿನ್ ಮಹಾಶಯನು 1881ರಲ್ಲಿ ಒಂದು ಇಡೀ ಪುಸ್ತಕವನ್ನು ಈ ಹುಳುವಿನ ಕೆಲಸಕ್ಕೆ ಮೀಸಲಿಟ್ಟನೆಂಬುದನ್ನು ನೆನೆದರೆ ಅದರ ಹಿರಿಮೆ ತಿಳಿದೀತು.

ಎರಡು ಮಳೆಗಾಲ ಕಳೆದಿವೆ. ಹಾರೆಗೂ ಬಗ್ಗದ ನೆಲದಲ್ಲಿ ಈಗ ಬೆರಳು ಇಳಿಯುತ್ತದೆ. ಹರಿವೆ, ಬಸಳೆ ಮನೆಗೆ ಸಾಲುವಷ್ಟು ಬರುತ್ತವೆ. “ಬಾಡಿಗೆ ಮನೆಯ ಮಣ್ಣಿಗೆ ಇಷ್ಟು ದುಡಿಯುವುದೇಕೆ?” ಎಂದು ಸ್ನೇಹಿತರು ಕೇಳುತ್ತಾರೆ. ನಾಳೆ ಮನೆ ಬಿಡಬೇಕಾದೀತು, ನಿಜ. ನಮ್ಮ ಬಳಿಕ ಬರುವವರ ಹೆಸರು ನನಗೆ ತಿಳಿಯದು. ಆದರೆ ಅವರು ಬಿತ್ತುವ ಬೀಜಕ್ಕೆ ಇಟ್ಟಿಗೆಯ ಬದಲು ಮಣ್ಣು ಸಿಕ್ಕಲಿ. ಓದುಗರ ಬೀದಿಯಲ್ಲೂ ಹೊಂಗೆ ಉದುರೀತು. ಬೆಂಕಿಪೆಟ್ಟಿಗೆಗಿಂತ ಮೊದಲು ಒಂದು ಬುಟ್ಟಿ ಅಲ್ಲಿಗೆ ಹೋಗಲಿ.