ಸೌದೆಯಿಂದ ದೀಪ ಹಚ್ಚಿದ ಹೊಸಹಳ್ಳಿ

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ತೊಂಬತ್ತರ ಆಸುಪಾಸಿನ ಹಿರಿಯರು ಯಾರಾದರೂ ಸಿಕ್ಕರೆ ಕೇಳಿ ನೋಡಿ: “ಇದ್ದಿಲು ಬಸ್ಸಿನಲ್ಲಿ ಕೂತಿದ್ದೀರಾ, ಅಜ್ಜ?” ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡುತ್ತಿದ್ದವು. ಬಸ್ಸಿಗೆ ಜೋಡಿಸಿದ ಒಲೆಗೆ ಇದ್ದಿಲು ತುಂಬಿ, ಹಿಡಿ ತಿರುಗಿಸಿ ಗಾಳಿ ಕೊಟ್ಟು ಹೊತ್ತಿಸಬೇಕಿತ್ತು. ದಿಬ್ಬ ಬಂದರೆ ಇಳಿದು ತಳ್ಳುವುದೂ ಟಿಕೆಟ್ಟಿನಲ್ಲೇ ಸೇರಿದಂತೆ! ಯುದ್ಧ ಮುಗಿದು ಪೆಟ್ರೋಲು ಬಂದ ಮೇಲೆ ಆ ಒಲೆಯನ್ನು ಎಲ್ಲರೂ ಮರೆತರು.

ಮರೆತದ್ದನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಹಳೆಯ ಬೆಂಗಳೂರಿಗರ ಬಾಯಲ್ಲಿ ಅದು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಕೆಲಸ. ಸೌದೆ ಅನಿಲದ ಕೆಲಸಕ್ಕೆ ಸೇರಿದವರನ್ನು ನೋಡಿ. ಪ್ರೊ. ಎಚ್.ಎಸ್. ಮುಕುಂದ ಅವರು ರಾಕೆಟ್ಟಿನೊಳಗೆ ಇಂಧನ ಹೇಗೆ ಉರಿಯುತ್ತದೆಂದು ಅಭ್ಯಾಸ ಮಾಡಿದವರು, ಡಾ. ಎನ್.ಎಚ್. ರವೀಂದ್ರನಾಥ್ ಅವರು ಗಿಡಮರಗಳ, ಪರಿಸರದ ವಿಜ್ಞಾನಿ. ರಾಕೆಟ್ಟಿನವರೂ ಕಾಡಿನವರೂ ಒಂದೇ ಒಲೆಯ ಮುಂದೆ ಕೂತರು.

ಆ ಒಲೆಯ ಗುಟ್ಟು ಇಷ್ಟೇ: ಸೌದೆಗೆ ಬೇಕಾದಷ್ಟು ಗಾಳಿ ಕೊಡಬಾರದು. ಅರೆಹೊಟ್ಟೆ ಗಾಳಿಯಲ್ಲಿ ಸೌದೆ ಪೂರ್ತಿ ಉರಿಯದೆ ಅನಿಲವಾಗುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ತಲಾ ಐದನೆಯ ಒಂದು ಪಾಲು. ಅರ್ಧದಷ್ಟು ಬರೀ ನೈಟ್ರೋಜನ್. ಅಡುಗೆ ಅನಿಲದ ಮುಂದೆ ಇದು ಬಡವ. ಆದರೂ ಎಂಜಿನ್ ಓಡಿಸುತ್ತದೆ. ತೊಂದರೆ ಇರುವುದು ಅನಿಲದ ಜೊತೆ ಬರುವ ಡಾಂಬರಿನಂಥ ಅಂಟಿನಲ್ಲಿ. ಅದು ಎಂಜಿನ್ನಿನೊಳಗೆ ಹೋಗಿ ಕಟ್ಟಿಕೊಂಡರೆ ಕತೆ ಮುಗಿಯಿತು. ಬೆಂಗಳೂರಿನವರು ಒಲೆಯ ಬಾಯನ್ನು ಮೇಲೆ ತೆರೆದೇ ಇಟ್ಟು, ಮೇಲಿನಿಂದಲೂ ಪಕ್ಕದಿಂದಲೂ ಗಾಳಿ ಬರುವಂತೆ ಮಾಡಿ, ಅನಿಲವನ್ನು ಕೆಂಡದ ದಪ್ಪ ಪದರದ ಮೂಲಕ ಕೆಳಕ್ಕೆ ಎಳೆದರು. ಆ ಕಾವಿಗೆ ಅಂಟು ಬಹುಪಾಲು ಒಡೆದುಹೋಗುತ್ತದೆ. 1990ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ತಂತ್ರಜ್ಞರು ಇವರೊಡನೆ ಕೂಡಿ ಈ ಯಂತ್ರವನ್ನು ಪರೀಕ್ಷಿಸಿದರು.

ಆದರೆ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಯಂತ್ರದ ಕತೆಯಲ್ಲ, ಅದು ಸೇರಿದ ಊರಿನ ಕತೆ. ತುಮಕೂರು ಜಿಲ್ಲೆ, ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಆಗ ವಿದ್ಯುತ್ ತಂತಿ ಬಂದಿರಲಿಲ್ಲ. 1988ರಲ್ಲಿ ಅಲ್ಲಿ 3.7 ಕಿಲೊವಾಟ್‌ನ, ಎಂದರೆ ಐದು ಅಶ್ವಶಕ್ತಿಯ, ಪುಟ್ಟ ಘಟಕ ಶುರುವಾಯಿತು. ಮುಂದೆ 20 ಕಿಲೊವಾಟ್‌ಗೆ ಏರಿತು. ಸೌದೆಗೆಂದು ಊರಲ್ಲೇ ಬೇಗ ಬೆಳೆಯುವ ಮರಗಳ ತೋಪು ಹಾಕಿದರು. ಮೂವತ್ತೈದು ಮನೆ, 218 ಜನ. ದೀಪ ಉರಿಯಿತು, ನಲ್ಲಿಯಲ್ಲಿ ಕುಡಿಯುವ ನೀರು ಬಂತು, ಹಿಟ್ಟಿನ ಗಿರಣಿ ತಿರುಗಿತು, ಹೊಲಕ್ಕೂ ನೀರು ಹರಿಯಿತು. ನಡೆದದ್ದು ಹದಿನಾಲ್ಕು ವರ್ಷಕ್ಕೂ ಮೇಲೆ. 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಲೆಕ್ಕದ ಪ್ರಕಾರ, ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ದಿನ ದೀಪ, ನೀರು ಎರಡೂ ತಪ್ಪಿರಲಿಲ್ಲ. ಮುಂಬಯಿ, ದೆಹಲಿಯಲ್ಲಿ ಬೆಳೆದ ನಿಮಗೆ ಈ ಅಂಕಿ ದೊಡ್ಡದಾಗಿ ಕಾಣಲಿಕ್ಕಿಲ್ಲ. ಲಾಟೀನಿನ ಬೆಳಕಿನಲ್ಲಿ ಓದಿದ ನಿಮ್ಮ ತಂದೆತಾಯಿಗೆ ಕಾಣುತ್ತದೆ.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ಯಂತ್ರ 5 ಕಿಲೊವಾಟ್ ಮಾತ್ರ ಕೊಡುತ್ತಿದ್ದಾಗ ಒಂದು ಯೂನಿಟ್ಟಿಗೆ ತಗಲಿದ ಇಂಧನ ಮತ್ತು ನಿರ್ವಹಣೆಯ ಖರ್ಚು 5 ರೂಪಾಯಿ 85 ಪೈಸೆ. ಪೂರ್ತಿ 20 ಕಿಲೊವಾಟ್ ದುಡಿದರೆ 3 ರೂಪಾಯಿ 34 ಪೈಸೆ. ಸಂಜೆ ನಾಲ್ಕು ಬಲ್ಬು ಹಚ್ಚಿ ಮಲಗುವ ಊರಿಗೆ ಈ ವಿದ್ಯುತ್ ದುಬಾರಿ. ಗಿರಣಿ, ಪಂಪು ಎಲ್ಲ ನಡೆಯುವ ಊರಿಗೆ ಅಗ್ಗ. ಅಷ್ಟೇ ಅಲ್ಲ, ಒಂದು ಯೂನಿಟ್ಟಿಗೆ ಕಿಲೊಗಿಂತ ತುಸು ಹೆಚ್ಚು ಸೌದೆ ಬೇಕು. ಅದನ್ನು ಕಡಿಯುವವರು, ಒಣಗಿಸುವವರು, ತುಂಡು ಮಾಡುವವರು ಯಾರು? ಯಾವ ಪ್ರಯೋಗಶಾಲೆಯೂ ಒಂಟಿಯಾಗಿ ಉತ್ತರಿಸಲಾಗದ ಪ್ರಶ್ನೆ ಇದು. ಊರಿನವರು ಕೈಹಾಕಿದ್ದರಿಂದಲೇ ಹೊಸಹಳ್ಳಿಯಲ್ಲಿ ದೀಪ ಉರಿಯಿತು. ಈ ಸಂಶೋಧನೆಯಲ್ಲಿ ಅವರೂ ಪಾಲುದಾರರೆಂದೇ ನಾನು ತಿಳಿಯುತ್ತೇನೆ.

ದೆಹಲಿಯ ಓದುಗರಿಗೆ ಇದೇ ಪ್ರಶ್ನೆ ಮನೆ ಬಾಗಿಲಲ್ಲೇ ಇದೆ. ಚಳಿಗಾಲ ಶುರುವಾಗುವ ಹೊತ್ತಿಗೆ ನಿಮ್ಮ ಕಣ್ಣುರಿಸುವ ಹೊಗೆಯಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಟ್ಟ ಭತ್ತದ ಹುಲ್ಲಿನ ಪಾಲೂ ಇರುತ್ತದೆ. ಆ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆ 2022ರ ಆಗಸ್ಟಿನಲ್ಲಿ ಪಾಣಿಪತ್‌ನಲ್ಲಿ ಉದ್ಘಾಟನೆಯಾಯಿತು. ತಂತ್ರಜ್ಞಾನ ಪುಣೆಯ ಕಂಪನಿಯೊಂದರದು. ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಹುಲ್ಲು, ಮೂರು ಕೋಟಿ ಲೀಟರ್ ಎಥನಾಲ್ ಎಂಬುದು ಯೋಜನೆಯ ಲೆಕ್ಕ. ಆದರೆ ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ರೈತನಿಗಿರುವುದು ಕೆಲವೇ ವಾರ. ಅಷ್ಟರೊಳಗೆ ಹುಲ್ಲನ್ನು ಕಟ್ಟಿ ಸಾಗಿಸುವ ಕೂಲಿ ಅವನಿಗೆ ಗಿಟ್ಟದಿದ್ದರೆ ಕಡ್ಡಿ ಗೀರುವುದೇ ಸುಲಭ.

ನಿಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಆ ಕೂಲಿಯ ಲೆಕ್ಕದಿಂದಲೇ ಶುರು ಮಾಡಬಹುದು. ಕಾಮರ್ಸ್ ಓದುವ ಗೆಳೆಯರನ್ನೂ ಜೊತೆಗೆ ಕರೆದುಕೊಳ್ಳಿ.