ಬ್ಯಾಕ್‌ಸ್ಟೇಜ್ ಬಳಗ

ಆಗಸ್ಟ್ ತಿಂಗಳ ಸಂಜೆ ಮುಂಬೈಯ ರುಯಿಯಾ ನಾಕಾದಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವವರು ನಟರಲ್ಲ, ಸಾಮಾನು ಹೊರುವವರು. ಮಳೆಗೆಂದು ಪ್ಲಾಸ್ಟಿಕ್ ಹೊದಿಸಿದ ಪ್ಲೈವುಡ್ ಚೌಕಟ್ಟನ್ನು ಇಬ್ಬರು ಹುಡುಗರು ಹೊತ್ತಿರುತ್ತಾರೆ. ಹಿಂದೆ ಒಬ್ಬಳು ತಗಡಿನ ಪೆಟ್ಟಿಗೆ ಹಿಡಿದು ಓಡುತ್ತಿರುತ್ತಾಳೆ. ಮೂವರೂ ಈ ವರ್ಷ ಕಾಲೇಜಿನ ನಾಟಕ ತಂಡ ಸೇರಿದವರು. ರಂಗದ ಮೇಲೆ ಇನ್ನೂ ಒಂದು ಮಾತನ್ನೂ ಆಡಿಲ್ಲ.

ದಾದರ್ ಸ್ಟೇಷನ್ನಿನಿಂದ ಹಿಂದೂ ಕಾಲೊನಿ ಹಾದು ಫೈವ್ ಗಾರ್ಡನ್ಸ್ ಕಡೆ ನಡೆದರೆ ಸಿಗುವ ರುಯಿಯಾ ಕಾಲೇಜನ್ನು ಪುಣೆಯ ಶಿಕ್ಷಣ ಪ್ರಸಾರಕ ಮಂಡಳಿ 1937ರಲ್ಲಿ ತೆರೆಯಿತು. ನೆರೆಯ ಪೋದಾರ್ 1941ರದ್ದು. ದಾದರಿನ ಪಶ್ಚಿಮಕ್ಕೆ, ಕಡಲಿನ ಬದಿಗೆ ಹೋದರೆ 1954ರ ಕೀರ್ತಿ ಕಾಲೇಜು. ಅದರ ಹತ್ತಿರದ ವಡಾಪಾವ್ ಗಾಡಿಗೆ ಕಾಲೇಜಿಗಿಂತ ಒಂದು ಕೈ ಹೆಚ್ಚೇ ಹೆಸರು. ರುಯಿಯಾ ಬಳಿ ಹುಡುಗರು ‘ಡಿ.ಪಿ.’ ಎನ್ನುವ ಉಡುಪಿ ಹೋಟೆಲಿನ ಪೂರ್ತಿ ಹೆಸರು ದುರ್ಗಾಪರಮೇಶ್ವರಿ. ಆ ಹೆಸರು ಕೇಳಿದ ಕರಾವಳಿಯವರಿಗೆ ಕಟೀಲು ನೆನಪಾಗದೆ ಇರದು.

ಟೆಕ್ಸಾಸಿನಲ್ಲಿ ಓದುತ್ತಿರುವ ನನ್ನಕ್ಕನ ಮಗ ರಜೆಗೆ ಬಂದಾಗ, “ನಿಮ್ಮ ಕಾಲೇಜಲ್ಲಿ ಫ್ರಟರ್ನಿಟಿ ಇರಲಿಲ್ವಾ?” ಎಂದು ಕೇಳಿದ್ದ. ಅವನು ಅಂಥ ವಿದ್ಯಾರ್ಥಿ ಸಂಘವೊಂದಕ್ಕೆ ಸೇರಿದ್ದ. ಗ್ರೀಕ್ ಅಕ್ಷರ ಹೊತ್ತ ಈ ಸಂಘಗಳಲ್ಲಿ ಮೊದಲನೆಯದಾದ ಫೈ ಬೀಟಾ ಕಪ್ಪಾ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರ ಡಿಸೆಂಬರಿನಲ್ಲಿ ಹುಟ್ಟಿತು. ಬಿಳಿಯ ಗಂಡುಮಕ್ಕಳ ಕೂಟ ಅದು. ಆಮೇಲೆ ಹುಡುಗಿಯರು ತಮ್ಮ ಸೊರೋರಿಟಿಗಳನ್ನು ಕಟ್ಟಿಕೊಂಡರು, ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ನಮ್ಮ ಕಡೆಯ ಮಕ್ಕಳ ಸರದಿ ಬಂದದ್ದು 1990ರ ದಶಕದಲ್ಲಿ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಹುಟ್ಟಿತು. ಒಳಗೆ ಬಿಡದಿದ್ದವರೆಲ್ಲ ತಂತಮ್ಮ ಬಾಗಿಲು ಮಾಡಿಕೊಂಡ ಕತೆ.

ನಮಗೆ ಫ್ರಟರ್ನಿಟಿಗಳಂಥ ಮನೆಯೂ ಇರಲಿಲ್ಲ, ಪ್ರಮಾಣವಚನವೂ ಇರಲಿಲ್ಲ. ಇದ್ದದ್ದು ಕಟ್ಟಾ. ಮರಾಠಿಯ ಕಟ್ಟಾ ನಮ್ಮ ಅರಳಿಕಟ್ಟೆಯ ನೆಂಟ. ಇದ್ದದ್ದು ನಾಟಕದ ತಾಲೀಮು. 1994ರ ವಿಶ್ವವಿದ್ಯಾಲಯ ಕಾಯಿದೆಯಿಂದ ಮಹಾರಾಷ್ಟ್ರದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ನೇರ ಚುನಾವಣೆ ನಿಂತ ಮೇಲೆ, ಗುಂಪು ಕಟ್ಟುವ ಹುಮ್ಮಸ್ಸೆಲ್ಲ ಏಕಾಂಕಿಕಾ, ಅಂದರೆ ಏಕಾಂಕ ನಾಟಕದ ಸ್ಪರ್ಧೆಗಳಿಗೇ ಹರಿಯಿತೆಂದು ನನ್ನ ಎಣಿಕೆ. ಮಳೆಗಾಲದಿಂದ ಶುರುವಾಗುವ ಆ ಓಟ ಜನವರಿ 25ರ ರಾತ್ರಿಯ ‘ಸವಾಯಿ’ಗೆ ಬಂದು ನಿಲ್ಲುತ್ತದೆ. ಚತುರಂಗ ಪ್ರತಿಷ್ಠಾನ ನಡೆಸುವ ಈ ಸ್ಪರ್ಧೆಯಲ್ಲಿ ಬೇರೆಡೆ ಗೆದ್ದ ನಾಟಕಗಳೇ ಸೆಣಸುತ್ತವೆ. ಮುಗಿಯುವಾಗ ಗಣರಾಜ್ಯೋತ್ಸವದ ಬೆಳಗಾಗಿರುತ್ತದೆ.

ಇದರಿಂದ ಸಿಗುವುದೇನು? ಮುಂದೆ ಕೆಲಸ ಕೊಡಿಸುವ ಪರಿಚಯ ಎನ್ನುತ್ತಾರೆ. ನನಗೇನೂ ಹಾಗೆ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಮೊದಲ ವರ್ಷ ನನಗೆ ಕೊಟ್ಟದ್ದು ಪ್ರಾಪರ್ಟಿ, ಅಂದರೆ ಸಾಮಾನಿನ ಉಸ್ತುವಾರಿ. ಸ್ಪರ್ಧೆಯ ದಿನ ಕಂದೀಲನ್ನೇ ಮರೆತು ಬಂದೆ. ಪರದೆ ಏಳಲು ಇಪ್ಪತ್ತು ನಿಮಿಷ. ನನಗಿಂತ ಎರಡೇ ವರ್ಷ ಹಿರಿಯಳಾದ ಹುಡುಗಿ ಒಂದು ಮಾತೂ ಬೈಯದೆ ಹೊರಗೆ ಓಡಿದಳು. ಯಾವುದೋ ಚಾಳಿನ ಅಜ್ಜಿಯಿಂದ ಹಿತ್ತಾಳೆ ದೀಪ ಬೇಡಿ ತಂದಳು. ಬೈಗುಳ ಬಂದದ್ದು ಮರುದಿನ ಕಟ್ಟಾದಲ್ಲಿ, ಕಟಿಂಗ್ ಚಹಾದ ಜೊತೆ. ಎರಡು ವರ್ಷ ಕಳೆದ ಮೇಲೆ ಇನ್ಯಾರದೋ ಮರೆವಿಗೆ ನಾನು ಓಡಿದೆ. ಅಪ್ಪ ಅಮ್ಮನೂ ಅಲ್ಲದ, ಮೇಷ್ಟರೂ ಅಲ್ಲದ, ಕೊಂಚವೇ ಮುಂದಿರುವ ಒಬ್ಬರು ನಮ್ಮ ತಪ್ಪಿಗೆ ಹೆಗಲು ಕೊಡುವುದು ಈ ವಯಸ್ಸಿನಲ್ಲಿ ಸಣ್ಣ ಲಾಭವಲ್ಲ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆಡಿ ಬೆಳೆದ ನನಗೆ ಗಟ್ಟಿ ಮರಾಠಿ ಬಂದದ್ದೂ ಅಲ್ಲೇ. ಒಂದು ‘ಳ’ಕಾರವನ್ನೂ ತಪ್ಪದಿದ್ದ ನಮ್ಮಂಥ ಕನ್ನಡದವರನ್ನು ಕಂಡು ಮರಾಠಿಯವರೇ ಬೆರಗಾಗುತ್ತಿದ್ದರು.

ಹುಡುಗಿಯರದು ಇನ್ನೊಂದು ಬಳಗ. ತಾಲೀಮು ಮುಗಿದ ಮೇಲೆ ಸೆಂಟ್ರಲ್ ರೈಲುಮಾರ್ಗದ ಕಡೆಯವರು ಒಂದು ಗುಂಪು, ವೆಸ್ಟರ್ನ್ ಕಡೆಯವರು ಇನ್ನೊಂದು. ಕೊನೆಯವಳು ಮನೆ ಮುಟ್ಟುವವರೆಗೆ ಯಾರೂ ನಿದ್ದೆ ಮಾಡುವಂತಿಲ್ಲ. ಸೊರೋರಿಟಿ ಎಂದರೆ ನನಗೆ ಕಣ್ಣ ಮುಂದೆ ಬರುವುದು ಒಂಬತ್ತೂವರೆಯ ಲೇಡೀಸ್ ಡಬ್ಬವೇ.

ಇಂಥ ಬಳಗಗಳಲ್ಲಿ ಕೊಳೆ ಇಲ್ಲವೆಂದಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಫ್ರಟರ್ನಿಟಿಯೊಂದರಲ್ಲಿ ಹೊಸ ಹುಡುಗನಿಗೆ ಮಿತಿಮೀರಿ ಕುಡಿಸಿ ಸಾವಿಗೆ ತಳ್ಳಿದರು. ಇಲ್ಲಿ ರ‍್ಯಾಗಿಂಗ್ ಮಾಡಿದವರಿಗೆ 1999ರ ಮಹಾರಾಷ್ಟ್ರ ಕಾಯಿದೆ ಎರಡು ವರ್ಷದ ತನಕ ಜೈಲು ಎನ್ನುತ್ತದೆ. ನಮ್ಮ ಬಳಗಗಳ ಪಾಪ ಅಷ್ಟು ದೊಡ್ಡದಲ್ಲ, ಆದರೆ ಇದೆ. ಮುಖ್ಯ ಪಾತ್ರ ನಿರ್ದೇಶಕನ ಗೆಳೆಯನಿಗೇ ಹೋಗುತ್ತದೆ. ಕಲ್ಯಾಣದಾಚೆಯಿಂದ ಬರುವವರು, ಸಂಜೆ ದುಡಿಯಲೇಬೇಕಾದವರು ತಾಲೀಮಿಗೆ ಉಳಿಯಲಾರದೆ ಸದ್ದಿಲ್ಲದೆ ಉದುರಿಹೋಗುತ್ತಾರೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಕಾಲೇಜಿನ ಕಟ್ಟಾ ಸಿಗಲೇ ಇಲ್ಲ. ಮುಂಬೈ ಕನ್ನಡಿಗರಿಗೆ ಕೂಡಿ ಕೂರುವ ಕಟ್ಟೆಯಾಗಿ ಒದಗಿದ್ದು ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ನಿನಂಥ ಸಂಸ್ಥೆಗಳು. ಅದು 1926ರದ್ದು. ಅದರ ರಂಗಮಂದಿರದಲ್ಲಿ ಈಗ ಕನ್ನಡದವರ ನಾಟಕವೂ ಆಗುತ್ತದೆ, ಬೇರೆ ಭಾಷೆಯವರದೂ ಆಗುತ್ತದೆ.

ಈ ವರ್ಷ ಮಗಳನ್ನೋ ಮಗನನ್ನೋ ದಾದರಿನ ಕಡೆ ಕಾಲೇಜಿಗೆ ಸೇರಿಸಿದ್ದೀರಾದರೆ, ನಾಟಕದ ಆಯ್ಕೆಗೆ ಹೋಗುತ್ತೇನೆಂದಾಗ ಅಂಕಪಟ್ಟಿಯ ಮಾತೆತ್ತಬೇಡಿ. ಡಬ್ಬಿಯಲ್ಲಿ ನಾಲ್ಕು ಚಪಾತಿ ಹೆಚ್ಚಿಗೆ ಇಡಿ. ಅಲ್ಲಿ ಯಾರೂ ತಮ್ಮ ಡಬ್ಬಿ ತಾವೇ ಉಣ್ಣುವುದಿಲ್ಲ.